ಅರಮನೆ ಗೋಡೆಯ ಅಂಕುಶ

ಅಜ್ಜನ ಅಜ್ಜನೂ ಹುಟ್ಟದ ಕಾಲದಲ್ಲಿ ಬಿದಿರುಗಾವಲು ಅನ್ನೋ ರಾಜ್ಯವಿತ್ತು. ಅಲ್ಲಿನ ಅರಮನೆ ಗೋಡೆ ಮಂತ್ರದ ಗೋಡೆ. ರಾಜ ಅದರ ಮೇಲೆ ಏನಾದರೂ ಬರೆದು, ಊರೆಲ್ಲ "ಹೌದು" ಅಂದರೆ ಸಾಕು, ಬರೆದದ್ದು ನಿಜವಾಗುತ್ತಿತ್ತು. ಬರೆಯುವಾಗ ಹಲ್ಲಿ ಲೊಚಗುಟ್ಟಿತೋ, ಮುಗಿಯಿತು! "ಹಲ್ಲಿ ನುಡೀತು, ನಿಜವೇ ಸರಿ" ಎಂದು ಜನ ಕಣ್ಣುಮುಚ್ಚಿ ತಲೆಯಾಡಿಸುತ್ತಿದ್ದರು.

ಒಮ್ಮೆ ರಾಜ ಬೇಟೆಗೆ ಹೋಗಿ ಬಂದ. ಮುಖ ಅದೇ, ಮೀಸೆ ಅದೇ. ದಿನಾ ಅವನ ಕೈಯಿಂದ ಬೆಲ್ಲ ತಿಂದು ಸೊಂಡಿಲೆತ್ತಿ ನಮಸ್ಕರಿಸುತ್ತಿದ್ದ ಪಟ್ಟದಾನೆ ನೀಲಿ ಮಾತ್ರ ಈಗ ಬೆಲ್ಲ ಮೂಸಲೂ ಇಲ್ಲ. ನೀಲಿಯನ್ನು ಮರಿಯಿಂದ ಸಾಕಿದ ಮಾವುತರ ಸಿಂಗವ್ವನಿಗೆ ಅನುಮಾನ ಹೊಕ್ಕಿತು.

ಮೊದಲ ದಿನ ರಾಜ ಗೋಡೆಯ ಮೇಲೆ ಬರೆದ: "ನಾನೇ ನಿಮ್ಮ ರಾಜ." ಹಲ್ಲಿ ಲೊಚಗುಟ್ಟಿತು. ಜನ ಹೌದೆಂದರು. ಇದನ್ನೂ ಬರೆದು ತಿಳಿಸಬೇಕೇ ಅಂದುಕೊಂಡಳು ಸಿಂಗವ್ವ.

ಎರಡನೆಯ ದಿನ ಬರೆದ: "ಕೆರೆ ನೀರೆಲ್ಲ ನನ್ನದು." ಹಲ್ಲಿ ಲೊಚಗುಟ್ಟಿತು. ಜನ ಹೌದೆಂದರು. ಕೆರೆ ಬತ್ತಿತು.

ಮೂರನೆಯ ದಿನ ಬರೆದ: "ನೀಲಿಗೆ ಹುಚ್ಚು ಹಿಡಿದಿದೆ, ಕೊಲ್ಲಿ."

ಹಲ್ಲಿ ಲೊಚಗುಟ್ಟಿತು. ಆಗ ನೀಲಿ ಕಣ್ಣೀರು ಸುರಿಸುತ್ತಾ ಸೊಂಡಿಲೆತ್ತಿ ನಮಸ್ಕರಿಸಿತು. ರಾಜನಿಗಲ್ಲ, ಹಲ್ಲಿಗೆ!

"ತಡೀರಪ್ಪೋ!" ಎಂದು ಸಿಂಗವ್ವ ಕೂಗಿದಳು. "ಹಲ್ಲಿ ಹೌದು ಅಂತಿಲ್ಲ, ಅಯ್ಯೋ ಅಂತ ಗೋಳಾಡ್ತಿದೆ!"

ಓಡಿಹೋಗಿ, "ನಾನೇ ನಿಮ್ಮ ರಾಜ" ಎಂಬ ಬರಹದ ಕೊನೆಯಲ್ಲಿ ಅಂಕುಶದ ಮೊನೆಯಿಂದ ಅಂಕುಶದ ಕೊಕ್ಕೆಯನ್ನೇ ಕೆತ್ತಿದಳು. ನೀಲಿಯ ಕಣ್ಣೀರ ಒಂದು ಹನಿ ಸಿಡಿದು ಕೊಕ್ಕೆಯ ಕೆಳಗೆ ಅಂಟಿಕೊಂಡಿತು.

"ಈಗ ಇದನ್ನ ನೋಡ್ಕೊಂಡು ಹೌದು ಅನ್ರಿ, ನೋಡೋಣ."

ಕೊಕ್ಕೆ ಕಂಡ ಜನ ಹೌದೆನ್ನುವ ಬದಲು ರಾಜನ ಮುಖ ನೋಡತೊಡಗಿದರು. ಬಾಗಿಲು ಕಾಯುವ ಮುದುಕ ದ್ಯಾವಣ್ಣ ಮೆಲ್ಲಗೆ ಕೇಳಿದ, "ಬುದ್ಧೀ, ಚಿಕ್ಕವರಿದ್ದಾಗ ನಿಮ್ಮ ತಾಯಿ ನಿಮ್ಮನ್ನ ಏನಂತ ಕರೀತಿದ್ರು?"

ರಾಜ ತಡವರಿಸಿದ. ಆ ರಾಜ್ಯದಲ್ಲಿ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಊರಿನ ಹೌದು ತಪ್ಪಿದೊಡನೆ ಗೋಡೆಯ ಮೇಲೆ ಬರೆದದ್ದೆಲ್ಲ ಸುಳ್ಳಾಯಿತು. ಮುಖ ಮೇಣದಂತೆ ಕರಗಿ, ಒಳಗಿದ್ದ ಮಾಟಗಾರ ಹೊರಬಿದ್ದ. ಕೆರೆಗೆ ನೀರು ಮರಳಿತು. ಗೋಡೆಯಿಂದ ಹಲ್ಲಿ ಕೆಳಗೆ ಬಿದ್ದು ನಿಜವಾದ ರಾಜನಾಗಿ ಎದ್ದು ನಿಂತಿತು. ಮಾಟಗಾರ ಹಲ್ಲಿಯಾಗಿ ಸಂದಿಯೊಳಗೆ ನುಸುಳಿದ.

"ಪುಟ್ಟೀರ ಅಂತ ಕರೀತಿದ್ರು," ಎಂದ ರಾಜ, ನೀಲಿಗೆ ಬೆಲ್ಲ ತಿನ್ನಿಸುತ್ತಾ. "ಇನ್ನು ಮೇಲೆ ನಾನು ಬರೆದರೂ ಸರಿ, ಮೊದಲು ಅಂಕುಶ ಹಾಕಿ ಕೇಳಿ. ಆಮೇಲೆ ಹೌದು ಅನ್ನಿ."

ಕೊಕ್ಕೆ, ಕೆಳಗೊಂದು ಹನಿ. ನಾವು ಪ್ರಶ್ನೆಯ ಕೊನೆಗೆ ಹಾಕುತ್ತೇವಲ್ಲ, ಅದೇ. ಬಿದಿರುಗಾವಲಿನವರು ಅದನ್ನು ಹಾಕಿಕೊಂಡೇ ಸುಖವಾಗಿ ಬಾಳಿದರು. ಆದರೆ ಆ ಮಾಟಗಾರ ಇನ್ನೂ ಯಾವುದೋ ಗೋಡೆಯ ಸಂದಿಯಲ್ಲಿದ್ದಾನೆ. ಹಲ್ಲಿ ಲೊಚಗುಟ್ಟಿದರೆ ನಾನಂತೂ ತಲೆಯಾಡಿಸುವುದಿಲ್ಲ.