ದಿಂಬು ತಿಂದ ಸ್ಪೀಕರ್‌ಗಳು

“ಏಯ್ ರಿಪೇರಿ, ಹೊಟ್ಟೆ ಕೊಯ್ದಿದ್ದಾಯ್ತು. ವಾಪಸ್ ಹೊಲಿಯೋಕೆ ಬರುತ್ತಾ ನಿಂಗೆ?”

ಅಣ್ಣ ಬಾಗಿಲಿಗೆ ಒರಗಿ ನಿಂತು ಕೇಳಿದ. ಮೇಜಿನ ಮೇಲೆ ಹಾಲ್‌ನ ಎರಡು ಸ್ಪೀಕರ್‌ಗಳು ಎದುರುಬದುರಾಗಿ ಕೂತಿದ್ದವು. ಪುಸ್ತಕದ ಶೆಲ್ಫಿನಲ್ಲಿ ಹಿಡಿಸುವಂಥ ಪುಟ್ಟ ಮರದ ಡಬ್ಬಗಳು. ಹಾಡುವ ದುಂಡನೆಯ ಕೋನ್‌ಗಳನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದಾಗಿತ್ತು.

“ಬರದೆ ಏನು? ನೀನು ಆ ಸ್ಕ್ರೂ ತುಳೀಬೇಡ, ಅಷ್ಟು ಸಾಕು,” ಎಂದಳು ಅವಳು.

ಐದನೇ ಕ್ಲಾಸಿನ ಅವಳನ್ನು ಮನೆಯಲ್ಲಿ ಎಲ್ಲರೂ ರಿಪೇರಿ ಅಂತಲೇ ಕರೆಯುತ್ತಿದ್ದರು. ಗಡಿಯಾರ, ಛತ್ರಿ, ಅಣ್ಣನ ಸೈಕಲ್ ಬೆಲ್, ಎಲ್ಲಕ್ಕೂ ಅವಳು ಕೈ ಹಾಕಿದ್ದಳು. ಮುಕ್ಕಾಲು ಪಾಲು ಸರಿಹೋಗಿದ್ದವು. ಮಿಕ್ಕಿದ್ದರ ಮಾತನ್ನು ಅವಳ ಎದುರಿಗೆ ಯಾರೂ ಎತ್ತುತ್ತಿರಲಿಲ್ಲ.

ಈ ಸಲದ ರಿಪೇರಿ ಅಜ್ಜಿಗಾಗಿ. ಭಾನುವಾರ ಸಂಜೆ ರೇಡಿಯೋದಲ್ಲಿ ನಗೆನಾಟಕ ಬರುತ್ತದೆ. ಎಲ್ಲರೂ ಸ್ಪೀಕರ್ ಕಡೆ ಮುಖ ಮಾಡಿ ಕೂತರೆ, ಅಜ್ಜಿ ಮಾತ್ರ ಇವರ ಕಡೆ ಮುಖ ಮಾಡಿ ಕೂರುತ್ತಿದ್ದಳು. “ನಿಮ್ಮ ಮುಖ ನೋಡೋದೇ ನಂಗೆ ಚೆಂದ,” ಅನ್ನುತ್ತಿದ್ದಳು. ಇವರು ನಕ್ಕರೆ ತಾನೂ ನಗುತ್ತಿದ್ದಳು.

ಹೋದ ವಾರ ಅಜ್ಜಿ “ಏನಂದ ಅವನು? ಏನಂದ?” ಎಂದು ಮತ್ತೆ ಮತ್ತೆ ಕೇಳಿದಳು. ಅಣ್ಣ ರೇಗಿದ. “ಶ್! ಆಮೇಲೆ ಹೇಳ್ತೀನಿ ಅಜ್ಜಿ!”

ನಾಟಕ ಮುಗಿದ ಮೇಲೆ ಅಜ್ಜಿ, “ಮುಂದಿನ ವಾರದಿಂದ ನಾನು ಒಳಗೆ ಮಲಕ್ಕೋತೀನಪ್ಪ. ನೀವು ಕೇಳ್ಕೊಳ್ಳಿ,” ಎಂದಳು.

“ವಯಸ್ಸಾಯ್ತಲ್ಲ, ಕಿವಿ ಮಂದ ಆಗಿದೆ,” ಎಂದ ಅಪ್ಪ.

ರಿಪೇರಿ ಅದನ್ನು ಸುತರಾಂ ಒಪ್ಪಲಿಲ್ಲ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬದ ಮುಚ್ಚಳ ಎಷ್ಟೇ ಮೆಲ್ಲಗೆ ತೆಗೆದರೂ ಹಿತ್ತಲಿನಿಂದ “ಯಾರದು?” ಅನ್ನುವ ಕಿವಿ ಅದು! ಕೆಟ್ಟಿರುವುದು ಸ್ಪೀಕರ್. ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಗುಂಯ್ ಅನ್ನುತ್ತದೆ.

“ಖಾಲಿ ರೂಮಲ್ಲಿ ಕೂಗಿದ್ರೆ ಗುಂಯ್ ಅನ್ನುತ್ತೆ, ಹಾಸಿಗೆ ತಂದಿಟ್ರೆ ಅನ್ನಲ್ಲ. ಈ ಡಬ್ಬಾನೂ ಅಷ್ಟೇ ಅಪ್ಪ. ಒಳಗೆ ಹತ್ತಿ ತುಂಬಿದ್ರೆ ಸರಿಹೋಗುತ್ತೆ,” ಎಂದಳು.

ಅಪ್ಪ ತಲೆ ಕೆರೆದುಕೊಂಡ. ಆಮೇಲೆ ತಾನೇ ಪ್ಲಗ್ ಕಿತ್ತಿಟ್ಟ. “ಸರಿ, ನಾಟಕದ ಹೊತ್ತಿಗೆ ರೆಡಿ ಇರ್ಬೇಕು,” ಎಂದ.

ಹತ್ತಿ ಕೊಟ್ಟಿದ್ದು ಅಜ್ಜಿಯೇ, ತನ್ನ ಹಳೆಯ ದಿಂಬಿನಿಂದ. “ನೋಡ್ಕೊ ಮರಿ, ನಿನ್ನ ಸ್ಪೀಕರ್ ಗೊರಕೆ ಹೊಡೆದೀತು!” ಎಂದು ನಕ್ಕು ಒಳಗೆ ಹೋದಳು.

ರಿಪೇರಿ ಹತ್ತಿಯನ್ನು ಬಿಡಿಸಿ ಬಿಡಿಸಿ ಡಬ್ಬಗಳಿಗೆ ತುಂಬಿದಳು. ಕೋನಿನ ಹಿಂದೆ ಎರಡೆರಡು ವೈರ್. ಒಂದು ಪೂರಾ ಕಪ್ಪು, ಇನ್ನೊಂದರ ಮೇಲೆ ಬಿಳಿ ಗೆರೆ. ಯಾವುದನ್ನು ಎಲ್ಲಿ ಸಿಕ್ಕಿಸಬೇಕು ಎಂಬ ಗುರುತು ಅಳಿಸಿಹೋಗಿತ್ತು. ಅವಳಿಗೆ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಎರಡರಲ್ಲೂ ಗೆರೆಯ ವೈರನ್ನು ಕಿಟಕಿಯ ಕಡೆಗೇ ಸಿಕ್ಕಿಸಿದಳು. ಜಡೆಗಳ ಹಾಗೆ ಜೋಡಿ ಚೆನ್ನಾಗಿ ಕಂಡಿತು. ಸ್ಕ್ರೂ ಬಿಗಿದು, ಡಬ್ಬಗಳನ್ನು ಶೆಲ್ಫಿಗೆ ಸೇರಿಸಿ ರೇಡಿಯೋ ಹಾಕಿದಳು.

ಗುಂಯ್ ಹೋಗಿತ್ತು. ಆದರೆ ಮಾತೂ ಹೋಗಿತ್ತು! ವಾರ್ತೆ ಓದುವವನ ದನಿ ತೆಳ್ಳಗಾಗಿ, ಎಲ್ಲೋ ತಲೆಯ ಹಿಂದಿನಿಂದ ಬಂದ ಹಾಗಿತ್ತು.

“ಪಾಪ, ಅವನ ಬಾಯಿಗೇ ಹತ್ತಿ ತುರುಕಿದ್ದೀಯಲ್ಲೇ!” ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ರಿಪೇರಿ ಕೈಕಟ್ಟಿ ಕೂರುವ ಜಾತಿಯವಳಲ್ಲ. ಎಡಗಡೆಯದನ್ನು ಮಾತ್ರ ಹಾಡಿಸಿದಳು. ಸ್ಪಷ್ಟವಾಗಿತ್ತು. ಬಲಗಡೆಯದೂ ಅಷ್ಟೇ ಸ್ಪಷ್ಟ. ಎರಡೂ ಸೇರಿದರೆ ಮಾತ್ರ ಎಡವಟ್ಟು.

“ಇಟ್ಟಿರೋ ಜಾಗ ಸರಿ ಇಲ್ವೇನೋ. ಶೆಲ್ಫ್ ಮುಂದಕ್ಕೆ ಸರಿಸೋಣ, ಹಿಡ್ಕೊಳ್ಳೋ,” ಎಂದಳು. ಅಣ್ಣ ಒಂದು ತುದಿ ಹಿಡಿದ, ಅವಳು ಇನ್ನೊಂದು. ಇಬ್ಬರೂ ಮುಖ ಕೆಂಪಾಗುವಷ್ಟು ಬಲ ಹಾಕಿದರು. ಶೆಲ್ಫ್ ಜಪ್ಪಯ್ಯ ಅನ್ನಲಿಲ್ಲ.

“ನೀನ್ಯಾಕೆ ಗೋಡೆ ಕಡೆ ನೂಕ್ತಿದೀಯಾ?”

“ಮುಂದಕ್ಕೆ ಅಂದ್ರೆ ಗೋಡೆ ಕಡೆ ಅಂದ್ಕೊಂಡೆ ಕಣೇ!”

ರಿಪೇರಿ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಮರುಕ್ಷಣ ಓಡಿಹೋಗಿ ಟಾರ್ಚಿನ ಸೆಲ್ ತಂದಳು. ರೇಡಿಯೋ ಆರಿಸಿ, ಸ್ಪೀಕರ್‌ಗಳಿಗೆ ಬರುವ ವೈರ್ ಕಳಚಿ, ಅದರ ಜಾಗಕ್ಕೆ ಸೆಲ್ ಮುಟ್ಟಿಸಿದಳು. ಎಡಗಡೆಯ ಕೋನ್ ಟಪ್ ಎಂದು ಹೊರಗೆ ನೆಗೆಯಿತು. ಬಲಗಡೆಯದಕ್ಕೂ ಹಾಗೆಯೇ ಮುಟ್ಟಿಸಿದಳು. ಅದು ಟಪ್ ಎಂದು ಒಳಕ್ಕೆ ಸರಿಯಿತು.

“ಸಿಕ್ಕಿಬಿತ್ತು! ಇವೂ ನಮ್ ಥರಾನೇ. ಒಂದು ನೂಕೋವಾಗ ಇನ್ನೊಂದು ಎಳೀತಿದೆ! ಎದುರುಬದುರು ಇಟ್ಕೊಂಡು ಎರಡಕ್ಕೂ ಗೆರೆ ವೈರನ್ನ ಕಿಟಕಿ ಕಡೆಗೇ ಸಿಕ್ಕಿಸಿದ್ನಲ್ಲ, ಒಂದಕ್ಕೆ ಬಲ ಅನ್ನೋದು ಇನ್ನೊಂದಕ್ಕೆ ಎಡ ಆಗಿದೆ!”

ಅಣ್ಣನೇ ಸ್ಕ್ರೂಡ್ರೈವರ್ ಎತ್ತಿಕೊಟ್ಟ. ಅವಳು ಒಂದು ಡಬ್ಬದ ವೈರ್‌ಗಳನ್ನು ಅದಲುಬದಲು ಮಾಡಿದಳು. ಈಗ ಸೆಲ್ ಮುಟ್ಟಿಸಿದರೆ ಎರಡೂ ಹೊರಗೇ ನೆಗೆದವು.

ಸಂಜೆ ಅಜ್ಜಿಯನ್ನು ಎಳೆದುಕೊಂಡೇ ಬರಬೇಕಾಯಿತು. “ನೀನು ಕಷ್ಟಪಟ್ಟಿದೀಯ ಅಂತ ಬಂದೆ ಅಷ್ಟೇ,” ಎನ್ನುತ್ತಾ, ಅಪ್ಪನ ಶರ್ಟಿಗೆ ಗುಂಡಿ ಹೊಲಿಯಲು ಸೂಜಿ ಹಿಡಿದು ಎಂದಿನಂತೆ ಇವರ ಕಡೆ ಮುಖ ಮಾಡಿ ಕೂತಳು.

ನಾಟಕ ಶುರುವಾಯಿತು. ಕಳ್ಳನೊಬ್ಬ ಕಿಟಕಿ ಹತ್ತಿ, ಪಿಸುದನಿಯಲ್ಲಿ ತನಗೆ ತಾನೇ ಕೇಳಿಕೊಂಡ. “ಈ ಮನೇಲಿ ನಾಯಿ ಇದ್ಯಾ?” ಒಳಗಿನಿಂದ ಅಷ್ಟೇ ಮೆಲ್ಲಗೆ ಉತ್ತರ ಬಂತು. “ಇಲ್ಲ, ವಾಕಿಂಗ್ ಹೋಗಿದೆ.”

ಮೊದಲು ನಕ್ಕಿದ್ದು ಅಜ್ಜಿ. ಅವಳ ಕಣ್ಣು ಸೂಜಿಯ ಮೇಲೆಯೇ ಇತ್ತು.

“ಏನಂದ? ಏನಂದ?” ಬಿಸ್ಕತ್ ಕಡಿಯುತ್ತಿದ್ದ ಅಣ್ಣ ಕೇಳಿದ.

“ಶ್! ಆಮೇಲೆ ಹೇಳ್ತೀನಿ,” ಎಂದಳು ಅಜ್ಜಿ. ಎದ್ದು, ಕುರ್ಚಿಯನ್ನು ಸ್ಪೀಕರ್ ಕಡೆ ತಿರುಗಿಸಿಕೊಂಡು ಕೂತಳು.

ಅಜ್ಜಿಯ ಮುಖ ಈಗ ಕಾಣುತ್ತಿರಲಿಲ್ಲ. ನಗುವಿಗೆ ಅಲುಗುವ ಬಿಳಿ ತುರುಬು ಮಾತ್ರ ಕಾಣುತ್ತಿತ್ತು. ಇಷ್ಟು ದಿನ ಅಜ್ಜಿ ಯಾಕೆ ತಮ್ಮ ಮುಖಗಳನ್ನೇ ನೋಡುತ್ತಾ ಕೂರುತ್ತಿದ್ದಳು ಎಂದು ರಿಪೇರಿಗೆ ತಟ್ಟನೆ ಹೊಳೆಯಿತು. ತನ್ನ ಸ್ಟೂಲನ್ನು ಸದ್ದಾಗದಂತೆ ಎತ್ತಿಕೊಂಡು ಹೋಗಿ, ಅವಳು ಅಜ್ಜಿಯ ಪಕ್ಕದಲ್ಲಿ ಕೂತಳು.