ನಾಲ್ಕು ಇಪ್ಪತ್ತು ತೋರಿಸಿದ ಫೋನು

"ಅಕ್ಕಾ, ನಮ್ಮನೆಯವರಿಗೆ ಬರಬೇಕಾಗಿದ್ದ ಕಣ್ಣನ್ನ ಮನೆಯೊಳಗಿನವರೇ ತಪ್ಪಿಸಿಬಿಟ್ರು!"

ಬಾಗಿಲು ಕೂಡ ತಟ್ಟದೆ ಒಳಗೆ ಬಂದವರು ಮಹಡಿ ಮನೆಯ ಪ್ರೂಫಮ್ಮ. ಅಚ್ಚುಕೂಟದಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಪ್ರೂಫ್ ತಿದ್ದುವ ಹೆಂಗಸು. ಅಳುವಾಗಲೂ ವಾಕ್ಯವನ್ನು ಅರ್ಧಕ್ಕೆ ಬಿಡುವವರಲ್ಲ. ಅಂದು ಸಂಜೆ ಮಾತ್ರ ಅವರ ಮಾತು ತುಂಡು ತುಂಡಾಗಿ ಬರುತ್ತಿತ್ತು.

ನಾನು ಎಕ್ಸ್‌ಚೇಂಜ್ ಅಕ್ಕನ ಎದುರು ಕೂತು ಕಾಫಿ ಕುಡಿಯುತ್ತಿದ್ದೆ. ಅಕ್ಕ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಮ್ಮ ಕಟ್ಟಡದಲ್ಲಿ ಕಳೆದುಹೋದ ಬೀಗದ ಕೈಯಿಂದ ಹಿಡಿದು ಹೇಳದೆ ಕೇಳದೆ ಓಡಿಹೋದ ಬಾಡಿಗೆದಾರನವರೆಗೆ ಎಲ್ಲವನ್ನೂ ಪತ್ತೆ ಹಚ್ಚಿದ್ದು ಅವರೇ. ನಾನು ಕೆಳಗಿನ ಮುಂಭಾಗದ ಕೋಣೆಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಆ ಕಾರಣಕ್ಕೆ ಅಕ್ಕ ನನಗಿಟ್ಟ ಹೆಸರು ಮುಳ್ಳಣ್ಣ. ಅವರ ಪತ್ತೇದಾರಿಕೆಯಲ್ಲಿ ನನ್ನ ಪಾಲು ಎರಡೇ: ಜೊತೆಗೆ ಹೋಗುವುದು, ಬೈಸಿಕೊಳ್ಳುವುದು.

"ಕೂತ್ಕೋ. ನೀರು ಕುಡಿ. ಮೊದಲಿಂದ ಹೇಳು," ಎಂದರು ಅಕ್ಕ.

ಪ್ರೂಫಮ್ಮನ ಗಂಡ ಪುಸ್ತಕಕ್ಕೆ ರಟ್ಟು ಕಟ್ಟುವವರು, ನಮ್ಮ ಬಾಯಲ್ಲಿ ರಟ್ಟಿನವರು. ಒಳ್ಳೆಯ ಕೆಲಸಗಾರ. ಆದರೆ ಸೋಂಕು ತಗುಲಿ ಎರಡೂ ಕಣ್ಣಿನ ಕಾರ್ನಿಯಾ ಮಬ್ಬಾಗಿತ್ತು. ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ದೊಡ್ಡ ಅಕ್ಷರ ಓದಬಲ್ಲೆ ಎನ್ನುತ್ತಿದ್ದರು. ದಾನ ಬಂದ ಕಾರ್ನಿಯಾಕ್ಕಾಗಿ ಕಣ್ಣಿನ ಆಸ್ಪತ್ರೆಯ ಪಟ್ಟಿಯಲ್ಲಿ ಹೆಸರು ಬರೆಸಿ ಎರಡು ವರ್ಷವಾಗಿತ್ತು. ಅಚ್ಚುಕೂಟದಲ್ಲಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಾಗುವುದರಿಂದ ಪ್ರೂಫಮ್ಮ ಮೊಬೈಲನ್ನು ಬಾಗಿಲಲ್ಲೇ ಒಪ್ಪಿಸಬೇಕಿತ್ತು. ಹಾಗಾಗಿ ಆಸ್ಪತ್ರೆಗೆ ಕೊಟ್ಟದ್ದು ಮನೆಯ ಫೋನ್ ನಂಬರು.

"ಇವತ್ತು ಹನ್ನೊಂದು ಇಪ್ಪತ್ತಕ್ಕೆ ಮಾಡಿದಾರೆ ಅಕ್ಕ. ಆಮೇಲೆ ಹನ್ನೊಂದು ಮೂವತ್ತೈದಕ್ಕೆ. ಆಮೇಲೆ ಹನ್ನೆರಡಕ್ಕೆ. ನಾವು ಸಿಗಲಿಲ್ಲ. ಪಟ್ಟಿಯಲ್ಲಿ ಮುಂದಿನವರಿಗೆ ಕೊಟ್ಟುಬಿಟ್ರು. ನಾಲ್ಕು ಗಂಟೆಗೆ ನಾನು ಮನೆಗೆ ಬಂದ ಕೂಡಲೇ ಅದೇ ಫೋನಿಗೆ ಮಾಡಿ ವಿಷಯ ಹೇಳಿದರು. ಆಗ ಫೋನು ಚೆನ್ನಾಗೇ ಇತ್ತು!"

"ಅವರು ಮಾಡಿದಾಗ ರಿಂಗ್ ಆಗಿ ಯಾರೂ ಎತ್ತಲಿಲ್ಲವಾ? ಅಥವಾ ರಿಂಗೇ ಆಗಲಿಲ್ಲವಾ?"

"ಸಂಪರ್ಕಕ್ಕೆ ಸಿಗ್ತಿಲ್ಲ ಅಂತ ರೆಕಾರ್ಡ್ ಮಾಡಿದ ಹೆಣ್ಣುದನಿ ಮೂರು ಸಲಾನೂ ಹೇಳ್ತಂತೆ."

ಅಕ್ಕನ ಹುಬ್ಬು ಮೇಲೇರಿತು. "ನಿಮ್ಮನೇಲಿ ಈಗಿರೋದು ಹೊಸ ಫೋನಲ್ಲವಾ?"

ಹೌದು. ಒಂಬತ್ತು ದಿನದ ಹಿಂದೆ ಹಳೆಯ ತಂತಿಯ ಫೋನನ್ನು ಕಂಪನಿಯವರು ನಿಲ್ಲಿಸಿ, ಇಂಟರ್ನೆಟ್ಟಿನ ಮೇಲೆ ನಡೆಯುವ ಫೋನು ಕೊಟ್ಟಿದ್ದರು. ನಂಬರು ಮಾತ್ರ ಅದೇ.

"ಮನೇಲಿ ಇದ್ದವರು ಯಾರ್ಯಾರು?"

"ನಮ್ಮನೆಯವರು, ಮತ್ತೆ ನನ್ನ ನಾದಿನಿ. ಇವರು ತಮ್ಮ ಕೆಲಸದಲ್ಲಿದ್ರು, ಫೋನು ಮುಟ್ಟೇ ಇಲ್ಲ ಅಂತಾರೆ. ನಾದಿನಿಗೆ ಈ ಆಪರೇಷನ್ನೇ ಬೇಡವಾಗಿತ್ತು. ಇರೋ ಚೂರು ಕಣ್ಣೂ ಹೋದ್ರೆ ಏನು ಗತಿ ಅಂತ ಹೋದ ವಾರ ನನ್ನ ಹತ್ರ ಜಗಳ ಆಡಿದಳು. ನೀನೇನಾ ಪ್ಲಗ್ ತೆಗೆದಿದ್ದು ಅಂತ ಕೇಳಿದೆ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಪೆಟ್ಟಿಗೆ ಕಟ್ತಾ ಇದಾಳೆ. ನಾಳೆ ಬೆಳಗಿನ ಬಸ್ಸಿಗೆ ಹೋಗ್ತಾಳಂತೆ. ಹೋಗಲಿ ಅಂದೆ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಕಂಡೂ ಇಲ್ಲ," ಎಂದು ಅಕ್ಕ ಎದ್ದರು. "ಏಳು ಮುಳ್ಳಣ್ಣ."

ನಾವು ಮಹಡಿ ಹತ್ತಿದಾಗ ನನ್ನ ಕೈಗಡಿಯಾರದಲ್ಲಿ ಸರಿಯಾಗಿ ಐದು ಗಂಟೆ. ನಡುಮನೆಯೇ ರಟ್ಟು ಕಟ್ಟುವ ಜಾಗ. ಕಿಟಕಿಯ ಪಕ್ಕ ಉದ್ದ ಮೇಜು, ಅದರ ಮೇಲೆ ಹೊಲಿದ ಹಾಳೆಗಳ ಕಟ್ಟು, ಒತ್ತುಯಂತ್ರ, ಕರೆಂಟಿನಲ್ಲಿ ಬಿಸಿಯಾಗುವ ಅಂಟಿನ ಪಾತ್ರೆ. ಮೇಜಿನ ತುದಿಯಲ್ಲಿ ಹೊಸ ಫೋನು, ಅದರ ಪಕ್ಕ ಹಸಿರು ದೀಪ ಮಿನುಗುವ ಇಂಟರ್ನೆಟ್ಟಿನ ಡಬ್ಬಿ. ಎರಡಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡು, ಆ ಬೋರ್ಡಿನ ಬಿಳಿ ಪ್ಲಗ್ಗು ಗೋಡೆಯಲ್ಲಿ. ಪ್ಲಗ್ಗಿನ ಮೇಲುಗಡೆ ಪ್ರೂಫಮ್ಮನ ಕೈಬರಹದಲ್ಲಿ ಒಂದು ಕೆಂಪು ಚೀಟಿ: 'ಫೋನಿನ ಪ್ಲಗ್ಗು. ಯಾರೂ ತೆಗೆಯಬಾರದು.' ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು ದೊಡ್ಡದು.

"ಇಷ್ಟು ದೊಡ್ಡದಾಗಿ ಬರೆದಿದ್ರೂ ತೆಗೆದಿದಾರೆ ಅಂದ್ರೆ, ಬೇಕು ಅಂತಲೇ ತಾನೇ ತೆಗೆದಿರೋದು?" ಎಂದರು ಪ್ರೂಫಮ್ಮ. ನನಗೂ ಹಾಗೇ ಅನ್ನಿಸಿತು.

ರಟ್ಟಿನವರು ಮೇಜಿನ ಮುಂದೆ ಕೂತಿದ್ದರು. ಮುಖ ಬಾಡಿತ್ತು. ಅಕ್ಕ "ಏನಪ್ಪ ತಮ್ಮ" ಎಂದಾಗ "ಬನ್ನಿ ಅಕ್ಕ" ಎಂದು ನಕ್ಕರು. ಎರಡು ಮಾರು ದೂರದಲ್ಲಿ ನಿಂತ ನನ್ನನ್ನು ಮಾತಾಡಿಸಲಿಲ್ಲ. ಜಂಬ ಬಂತೇನೋ ಅಂದುಕೊಂಡೆ. ನಾನು ಕೆಮ್ಮಿದ ಮೇಲೆ, "ಓ, ಮುಳ್ಳಣ್ಣ ಕೂಡ ಬಂದಿದಾರೆ," ಎಂದರು.

ನನ್ನ ಕೈ ಸುಮ್ಮನಿರುವ ಜಾತಿಯದಲ್ಲ. ಫೋನಿನ ಪುಟ್ಟ ಕಿಂಡಿಯಲ್ಲಿ ಗಡಿಯಾರ ನಾಲ್ಕು ಇಪ್ಪತ್ತು ತೋರಿಸುತ್ತಿತ್ತು. ತಪ್ಪು ಸಮಯ ನೋಡಿದರೆ ನನಗೆ ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ. ಗುಂಡಿ ಒತ್ತಿ ಐದಕ್ಕೆ ತಿದ್ದಿಟ್ಟೆ.

ಅಕ್ಕ ಬಗ್ಗಿ ಬಿಳಿ ಪ್ಲಗ್ಗನ್ನು ಮುಟ್ಟಿದರು. ಬೆರಳು ಮೂಸಿದರು. ಮೇಜಿನ ಮೇಲಿದ್ದ ರಿಜಿಸ್ಟರುಗಳ ಬೆನ್ನನ್ನು ಒತ್ತಿದರು. ಇನ್ನೂ ಪೂರ್ತಿ ಒಣಗಿರಲಿಲ್ಲ. ಆಮೇಲೆ ಅಡುಗೆಮನೆಗೆ ಹೋದರು. ಅಲ್ಲಿ ನಾದಿನಿ ಒದ್ದೆ ಬಟ್ಟೆಯಿಂದ ಒಂದು ರಿಜಿಸ್ಟರಿನ ಹೆಸರಿನ ಚೀಟಿಯನ್ನು ಬಿಡಿಸುತ್ತಿದ್ದಳು. ಚೀಟಿ ತಲೆಕೆಳಗಾಗಿ ಅಂಟಿತ್ತು. ನಮ್ಮನ್ನು ಕಂಡು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಬೆಳಗ್ಗೆ ಹನ್ನೊಂದರಿಂದ ಎಲ್ಲಿದ್ದೆಯಮ್ಮ?" ಎಂದು ಕೇಳಿದರು ಅಕ್ಕ.

"ಮೇಲೆ ತಾರಸೀಲಿ, ಬಟ್ಟೆ ಒಗೀತಾ ಇದ್ದೆ. ಒಣಗಹಾಕಿ ಇಳಿದು ಬಂದಾಗ ಊಟದ ಹೊತ್ತು."

"ಇಸ್ತ್ರಿ ಪೆಟ್ಟಿಗೆ ಈಗ ಅಡುಗೆಮನೇಲಿಟ್ಟಿದೀಯಾ?"

"ಹೂಂ. ಮೊದಲು ನಡುಮನೇಲೇ ಹಾಕ್ತಿದ್ದೆ. ಆ ಜಾಗ ಫೋನಿಗೆ ಹೋಯ್ತಲ್ಲ." ಅಷ್ಟು ಹೇಳಿ ಅವಳು ತಲೆ ತಗ್ಗಿಸಿದಳು. ಪ್ಲಗ್ಗಿನ ವಿಷಯ ಕೇಳಿದರೆ ಪೆಟ್ಟಿಗೆ ಕಟ್ಟಲು ಎದ್ದು ಹೋದಳು.

ಕೆಳಗಿಳಿಯುವಾಗ ನಾನು ಜಾಣನಂತೆ ಹೇಳಿದೆ, "ಕರೆಂಟ್ ಹೋಗಿರಬೇಕು ಅಕ್ಕ. ಆ ಫೋನಿನ ಗಡಿಯಾರವೂ ತಪ್ಪಾಗಿತ್ತು, ನಾನೇ ಸರಿಮಾಡಿದೆ."

ಅಕ್ಕ ಮೆಟ್ಟಿಲ ಮೇಲೆ ಹಾಗೇ ನಿಂತರು. "ಏನಂದೆ? ಸಾಕ್ಷಿಯನ್ನೇ ಅಳಿಸಿ ಬಂದೆಯಾ ಪುಣ್ಯಾತ್ಮ! ಎಷ್ಟು ತೋರಿಸ್ತಿತ್ತು?"

"ನಾಲ್ಕು ಇಪ್ಪತ್ತು."

"ಕೆಳಗೆ ನಿನ್ನ ಅಂಗಡೀಲಿ ಇವತ್ತು ಫ್ಯಾನ್ ನಿಂತಿತ್ತಾ?"

"ಇಲ್ಲ. ಇಡೀ ದಿನ ತಿರುಗ್ತಿತ್ತು."

ಅಕ್ಕ ಬಾಯಲ್ಲೇ ಏನೋ ಲೆಕ್ಕ ಹಾಕಿದರು. ಅವರ ಮುಖದಲ್ಲಿ ಯಾವಾಗಲೂ ಬರುವ ಗೆಲುವು ಅಂದು ಬರಲಿಲ್ಲ. "ಏಳು ಗಂಟೆಗೆ ಎಲ್ಲರೂ ನಡುಮನೇಲಿ ಇರಬೇಕು ಅಂತ ಹೇಳಿ ಬಾ. ನನ್ನ ಹಳೇ ಡೈರೆಕ್ಟರಿ ಎಲ್ಲಿದೆ?" ಎಂದರು.

ಏಳಕ್ಕೆ ನಾವು ಐವರು ಸೇರಿದೆವು. ನಾದಿನಿ ಕಟ್ಟಿಟ್ಟ ಪೆಟ್ಟಿಗೆಯ ಮೇಲೆಯೇ ಕೂತಿದ್ದಳು. ಅಕ್ಕ ತಮ್ಮ ನೌಕರಿಯ ಕಾಲದ ಟೆಲಿಫೋನ್ ಡೈರೆಕ್ಟರಿಯನ್ನು ರಟ್ಟಿನವರ ಕೈಗೆ ಕೊಟ್ಟರು. ಅದರ ಬೆನ್ನು ಕಿತ್ತುಹೋಗಿತ್ತು.

"ಇದಕ್ಕೊಂದು ಜೀವ ಕೊಡು ತಮ್ಮ. ಆಮೇಲೆ ಮಾತಾಡೋಣ."

"ಈಗಲೇ ಕೊಡ್ತೀನಿ. ಬೆಳಗಿನ ಅಂಟು ಪಾತ್ರೇಲೇ ಇದೆ, ಬಿಸಿ ಮಾಡಿದ್ರೆ ಆಯ್ತು."

ಅವರ ಎಡಗೈ ಗೋಡೆಯ ಮೇಲೆ ಜಾರಿಕೊಂಡು ಹೋಗಿ ಬಿಳಿ ಪ್ಲಗ್ಗನ್ನು ಹುಡುಕಿ ಕಿತ್ತು ಮೇಜಿನ ಅಂಚಿನಲ್ಲಿಟ್ಟಿತು. ಬಲಗೈ ಅಂಟಿನ ಪಾತ್ರೆಯ ಪ್ಲಗ್ಗನ್ನು ಆ ಜಾಗಕ್ಕೆ ಸಿಕ್ಕಿಸಿತು. ಕೆಂಪು ಚೀಟಿ ಅವರ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಡಬ್ಬಿಯ ಹಸಿರು ದೀಪಗಳು ಆರಿದವು. ಪ್ರೂಫಮ್ಮ ಬಾಯಿ ತೆರೆದರು. ಅಕ್ಕ ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡಿದರು. ನಾನು ಮೊಬೈಲಿನಿಂದ ಆ ಮನೆಯ ನಂಬರಿಗೆ ಮಾಡಿ ಸ್ಪೀಕರ್ ಹಾಕಿದೆ.

'ನೀವು ಕರೆ ಮಾಡಿದ ಸಂಖ್ಯೆ ಸದ್ಯಕ್ಕೆ ಸಂಪರ್ಕಕ್ಕೆ ಸಿಗುತ್ತಿಲ್ಲ.'

"ಯಾರ ಫೋನು ಸಿಗ್ತಿಲ್ಲ ಮುಳ್ಳಣ್ಣ?" ಎಂದು ರಟ್ಟಿನವರು ಅಂಟು ಕಲಕುತ್ತಲೇ ಕೇಳಿದರು.

"ನಿಮ್ಮದೇ ತಮ್ಮ," ಎಂದರು ಅಕ್ಕ. ಅವರ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಭುಜದ ಮೇಲೆ ಕೈಯಿಟ್ಟರು. "ಈಗ ನೀನು ತೆಗೆದೆಯಲ್ಲ, ಅದು ಫೋನಿನ ಪ್ಲಗ್ಗು."

ಅಂಟಿನ ಕಡ್ಡಿ ನಿಂತಿತು. "ಅದು ತಂಗಿಯ ಇಸ್ತ್ರಿ ಪೆಟ್ಟಿಗೇದಲ್ವಾ? ಅವಳು ಯಾವಾಗಲೂ ಅಲ್ಲೇ ಬಿಟ್ಟಿರ್ತಾಳೆ. ನಾನು ತೆಗೆದು, ಕೆಲಸ ಮುಗಿದ ಮೇಲೆ ಮತ್ತೆ ಹಾಕಿಡ್ತೀನಿ. ಫೋನಿಗೆ ಯಾಕೆ ಪ್ಲಗ್ಗು? ಕರೆಂಟ್ ಹೋದಾಗಲೂ ನಮ್ಮ ಫೋನು ನಡೀತಿತ್ತಲ್ಲ!"

"ಹಳೇ ಫೋನಿಗೆ ಬೇಕಾದ ಕರೆಂಟು ತಂತಿಯಲ್ಲೇ ನಮ್ಮ ಎಕ್ಸ್‌ಚೇಂಜಿಂದ ಬರ್ತಿತ್ತು. ಇದಕ್ಕೆ ಮನೆ ಕರೆಂಟೇ ಬೇಕು. ಅದನ್ನ ಯಾರೂ ನಿನಗೆ ಬಾಯಿಬಿಟ್ಟು ಹೇಳಲಿಲ್ಲ. ಗೋಡೆ ಮೇಲೆ ಬರೆದು ಅಂಟಿಸಿದರು."

ಆಮೇಲೆ ಅಕ್ಕ ಒಂದೊಂದಾಗಿ ಬಿಡಿಸಿದರು.

"ರಿಂಗೇ ಆಗದೆ ರೆಕಾರ್ಡ್ ದನಿ ಬಂತು ಅಂದಾಗಲೇ ಡಬ್ಬಿ ಸತ್ತಿತ್ತು ಅಂತ ತಿಳೀತು. ಕಟ್ಟಡದಲ್ಲಿ ಕರೆಂಟ್ ಹೋಗಿಲ್ಲ, ಮುಳ್ಳಣ್ಣನ ಫ್ಯಾನೇ ಸಾಕ್ಷಿ. ಅಂದ್ರೆ ಈ ಪ್ಲಗ್ಗನ್ನ ಯಾರೋ ತೆಗೆದಿದಾರೆ. ಕರೆಂಟ್ ಹೋಗಿ ಬಂದರೆ ಇಂಥ ಗಡಿಯಾರ ಹನ್ನೆರಡರಿಂದ ಹೊಸದಾಗಿ ಎಣಿಸುತ್ತೆ. ಐದು ಗಂಟೇಲಿ ಅದು ನಾಲ್ಕು ಇಪ್ಪತ್ತು ತೋರಿಸ್ತಿತ್ತು. ಅಂದ್ರೆ ಪ್ಲಗ್ಗು ವಾಪಸು ಬಂದದ್ದು ಹನ್ನೆರಡೂ ನಲವತ್ತಕ್ಕೆ. ಕೆಡಿಸಬೇಕು ಅಂತ ತೆಗೆದವರು ಅಷ್ಟು ಜೋಪಾನವಾಗಿ ವಾಪಸು ಹಾಕ್ತಾರಾ? ಪ್ಲಗ್ಗಿನ ಮೇಲೆ ಅಂಟಿನ ಕಲೆ ಇತ್ತು. ರಿಜಿಸ್ಟರಿನ ಬೆನ್ನು ಹಸಿ ಇತ್ತು. ಈ ಡಬ್ಬಿ ಬಂದ ಮೇಲೆ ಅಂಟು ಕಾಯಿಸಿದ್ದು ಇವತ್ತೇ ಮೊದಲು, ಅಲ್ಲವಾ?"

ರಟ್ಟಿನವರು ತಲೆಯಾಡಿಸಿದರು.

"ಉಳಿದದ್ದು ಚೀಟಿ. ಅದನ್ನ ಓದಿಯೂ ತೆಗೆದವರು ಕೆಟ್ಟವರು ಅಂತ ನೀವೆಲ್ಲ ಅಂದ್ಕೊಂಡ್ರಿ. ಓದೋಕೆ ಆಗದವರೂ ಇರಬಹುದಲ್ಲ? ಮುಳ್ಳಣ್ಣ ಎದುರಿಗೆ ನಿಂತರೂ ಇವನು ಕೆಮ್ಮಿನಿಂದ ಗುರುತು ಹಿಡಿದ. ತಲೆಕೆಳಗಾದ ಹೆಸರಿನ ಚೀಟೀನ ತಂಗಿ ಕದ್ದು ಸರಿಮಾಡ್ತಾ ಇದ್ದಳು. ಎಷ್ಟು ದಿನ ಆಯ್ತು ತಮ್ಮ, ಎರಡನೇ ಕಣ್ಣೂ ಹೋಗಿ?"

"ಮೂರು ತಿಂಗಳು." ಅವರ ದನಿ ಕೇಳಿಸುವುದೇ ಕಷ್ಟವಾಯಿತು. "ಇವಳು ಹೆದರ್ತಾಳೆ ಅಂತ ಹೇಳಲಿಲ್ಲ. ರಟ್ಟು ಕಟ್ಟೋ ಕೆಲಸ ತಪ್ಪಿಹೋಗುತ್ತೆ ಅಂತ ನನಗೂ ಭಯ. ತಂಗಿ ಹತ್ರ ಆಣೆ ಹಾಕಿಸಿಕೊಂಡಿದ್ದೆ."

ನಾದಿನಿ ಅಳತೊಡಗಿದಳು. "ಆಸ್ಪತ್ರೆಯಿಂದ ಫೋನ್ ಬಂದಾಗಲೇ ನನಗೆ ಹೊಳೀತು ಅಣ್ಣ. ನಿನ್ನ ಕೈಯಿಂದಲೇ ಹೋಯ್ತು ಅಂತ ಗೊತ್ತಾದ್ರೆ ನಿನ್ನ ಎದೆ ಒಡೆದುಹೋಗುತ್ತೆ ಅಂತ... ಅತ್ತಿಗೆ ನನ್ನನ್ನೇ ಬೈಕೊಳ್ಳಲಿ ಅಂದ್ಕೊಂಡೆ."

"ಇದನ್ನೇ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋದು," ಎಂದರು ಅಕ್ಕ. "ಇಲ್ಲಿ ಎಮ್ಮೇನೇ ಬೆನ್ನು ಕೊಟ್ಟು ನಿಂತಿದೆ. ನೀನು ಬಸ್ಸು ಹತ್ತಿ ಹೋಗಿದ್ರೆ, ಮುಂದಿನ ಸಲ ಅಂಟು ಕಾಯಿಸುವಾಗ ಮತ್ತೆ ಫೋನು ಸಾಯ್ತಿತ್ತು. ಅದಕ್ಕೇ ಎಲ್ಲರ ಮುಂದೆ ಹೇಳಿದೆ. ನಿನ್ನ ಮೇಲೆ ಮಾತು ಬಂದದ್ದೂ ಎಲ್ಲರ ಮುಂದೇನೇ ತಾನೇ?"

ಕೈಗೆ ಬಂದ ತುತ್ತನ್ನು ತಾನೇ ಚೆಲ್ಲಿದವನಿಗೆ ಏನು ಸಮಾಧಾನ ಹೇಳುವುದು? ನನಗೆ ಅಕ್ಕನ ಮೇಲೆ ಸಿಟ್ಟೇ ಬಂದಿತ್ತು. ರಟ್ಟಿನವರು ಅಂಟಿನ ಪಾತ್ರೆಯ ಪ್ಲಗ್ಗು ಕಿತ್ತು, ಫೋನಿನ ಪ್ಲಗ್ಗನ್ನು ತಡವಿ ಮತ್ತೆ ಅದರ ಜಾಗಕ್ಕೆ ಸಿಕ್ಕಿಸಿದರು. ಆಮೇಲೆ ಕೇಳಿದರು, "ಆ ಕಣ್ಣು ಇವತ್ತೇ ಬೇರೆಯವರಿಗೆ ಹಾಕ್ತಾರಂತಾ?"

"ಸಂಜೆಗೇ ಅಂದ್ರು," ಎಂದರು ಪ್ರೂಫಮ್ಮ.

"ಹಾಗಾದ್ರೆ ಹಾಳಾಗಲಿಲ್ಲ. ಕೊಟ್ಟವರಿಗೂ ಪಡೆದವರಿಗೂ ಒಳ್ಳೇದಾಗಲಿ." ಅವರು ಕೈ ಚಾಚಿ ತಂಗಿಯ ತಲೆಯನ್ನು ಹುಡುಕಿ ಸವರಿದರು. "ಅಕ್ಕ, ಕಣ್ಣು ಮತ್ತೆ ಬರುತ್ತೆ. ಇವಳು ಹೋಗಿದ್ರೆ ಎಲ್ಲಿಂದ ತರ್ತಿದ್ದೆ? ನಿಮ್ಮ ಉಪಕಾರ ಮರೆಯೋದಿಲ್ಲ."

ಪ್ರೂಫಮ್ಮ ನಾದಿನಿಯನ್ನು ಪೆಟ್ಟಿಗೆಯ ಮೇಲಿಂದ ಎಬ್ಬಿಸಿ ತಬ್ಬಿಕೊಂಡರು. "ದಿನಾ ಊರವರ ತಪ್ಪು ತಿದ್ದೋಳು ನಾನು. ಮನೆಯೊಳಗಿನದು ಕಾಣಲಿಲ್ಲ. ತಪ್ಪಾಯ್ತು ಕಣೇ," ಎಂದು ಅತ್ತರು. ಆ ಸಲ ವಾಕ್ಯ ಪೂರ್ತಿಯಾಗಿತ್ತು. ನಾನು ಪೆಟ್ಟಿಗೆಯನ್ನು ಒಳಕೋಣೆಗೆ ಹೊತ್ತುಕೊಂಡು ಹೋಗಿಟ್ಟೆ.

ಮಾರನೆಯ ದಿನವೇ ಅಂಟಿನ ಪಾತ್ರೆಗೆ ಗೋಡೆಯ ಇನ್ನೊಂದು ಬದಿಯಲ್ಲಿ ಬೇರೆ ಪ್ಲಗ್ಗಿನ ಜಾಗ ಹಾಕಿಸಿದರು. ಆಸ್ಪತ್ರೆಗೆ ನನ್ನ ಅಂಗಡಿಯ ನಂಬರನ್ನೂ ಅಕ್ಕನ ನಂಬರನ್ನೂ ಬರೆಸಿದರು. ಏಳು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮಹಡಿಯ ಫೋನು ಬಡಿದುಕೊಂಡಿತು. ಎರಡನೇ ರಿಂಗಿಗೆ ಎತ್ತಿದವಳು ನಾದಿನಿ. "ಮುಳ್ಳಣ್ಣಾ, ಆಟೋ!" ಎಂದು ಅವಳು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು.

ಕಣ್ಣಿನ ಕಟ್ಟು ಬಿಚ್ಚಿ, ಮಬ್ಬು ನಿಧಾನವಾಗಿ ಹರಿಯಲು ತಿಂಗಳುಗಳೇ ಹಿಡಿದವು. ಒಂದು ಭಾನುವಾರ ರಟ್ಟಿನವರು ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು ಬಂದು ಅಕ್ಕನ ಡೈರೆಕ್ಟರಿಯನ್ನು ಮೇಜಿನ ಮೇಲಿಟ್ಟರು. ಕಡುನೀಲಿ ಬಟ್ಟೆಯ ರಟ್ಟು, ನೇರವಾಗಿ ಅಂಟಿದ ಹೆಸರಿನ ಚೀಟಿ.

"ಇದರ ಮೊದಲನೇ ಪುಟ ನಾನೇ ಸೇರಿಸಿದ್ದು. ತೆಗೆದು ನೋಡಿ," ಎಂದರು.

ಅಕ್ಕ ರಟ್ಟು ತೆರೆದರು. ಗೋಡೆಯ ಆ ಕೆಂಪು ಚೀಟಿ ಅಲ್ಲಿ ಹೊಲಿಗೆಯೊಳಗೆ ಕೂತಿತ್ತು. "ಕಣ್ಣು ಬಂದ ಮೇಲೆ ನಾನು ಓದಿದ ಮೊದಲನೇ ಸಾಲು ಅದೇ ಅಕ್ಕ," ಎಂದು ಹೇಳಿ, ರಟ್ಟಿನವರು ಅದನ್ನು ನಮಗಾಗಿ ಇನ್ನೊಮ್ಮೆ ಗಟ್ಟಿಯಾಗಿ ಓದಿದರು: "ಫೋನಿನ ಪ್ಲಗ್ಗು. ಯಾರೂ ತೆಗೆಯಬಾರದು."

ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. ಅದರಲ್ಲಿ ಧೂಳಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.