ಲೀನಾಳ ಕಲ್ಲು

"ನಿನ್ನ ಲೀನಾಗೆ ಮನೆತನದ ಹೆಸರೇ ಇಲ್ವಾ?" ಯೋಸ್ಟ್ ಕತ್ತು ಚಾಚಿ ಕೇಳಿದ.

ವೀಬ್ಕೆ ತನ್ನ ಕಲ್ಲನ್ನು ಕೈಯಿಂದ ಮರೆಮಾಡಿದಳು. ಅಂಗೈಯಗಲದ ಬೂದು ಕಲ್ಲು. ಅದರ ಮೇಲೆ ನೀಲಿ ಬಣ್ಣದಲ್ಲಿ 'ಲೀನಾ' ಎಂದಷ್ಟೇ ಬರೆದು ಪಕ್ಕದಲ್ಲಿ ಜಾಗ ಬಿಟ್ಟಿದ್ದಳು.

ಊರಿನ ಮಾನಸಿಕ ಆಸ್ಪತ್ರೆಯ ಜಗಲಿಯಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳೆಲ್ಲ ಕಲ್ಲುಗಳ ಮೇಲೆ ಹೆಸರು ಬರೆಯುತ್ತಿದ್ದರು. ಪ್ರತಿ ವಸಂತದಲ್ಲೂ ಇದೇ ರೂಢಿ. ಹಿಟ್ಲರನ ಕಾಲದಲ್ಲಿ ಇಲ್ಲಿನ ರೋಗಿಗಳನ್ನು 'ಇವರಿಂದ ದೇಶಕ್ಕೆ ದಂಡ' ಎಂದು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ಕೊಂದಿದ್ದರು. ಆ ಬಸ್ಸು ನಿಂತಿದ್ದ ಜಾಗದಲ್ಲಿ ಈಗ ಹೂವಿನ ಪಾತಿಯಿದೆ. ನಾಳೆ ಕಲ್ಲುಗಳನ್ನು ಅಲ್ಲಿ ಇಡಬೇಕು.

"ಮನೆಯವರು ಒಪ್ಪಿದ್ರೆ ಮಾತ್ರ ಪೂರ್ತಿ ಹೆಸರು ಬರೀತೀವಿ," ಎಂದರು ಟೀಡಮನ್ ಮಿಸ್. "ಕೆಲವರು ಇನ್ನೂ ಒಪ್ಪಿಲ್ಲ."

"ಯಾಕೆ ಮಿಸ್, ನಾಚಿಕೆನಾ? ಕೊಂದೋರು ತಾನೇ ನಾಚ್ಕೋಬೇಕು?" ಎಂದ ಯೋಸ್ಟ್.

ವೀಬ್ಕೆ ಬಗ್ಗಿ ಕುಂಚ ತೊಳೆಯತೊಡಗಿದಳು. ಒಪ್ಪದಿದ್ದವನು ಅವಳ ಅಜ್ಜನೇ. ಲೀನಾ ಅಜ್ಜನ ಸೋದರತ್ತೆ. ಮೂರ್ಛೆ ಬರುತ್ತದೆಂದು ಆಸ್ಪತ್ರೆಗೆ ಸೇರಿಸಿದ್ದರು. ವೀಬ್ಕೆಗೂ ಅದೇ ಕಾಯಿಲೆ. ದಿನಾ ಮಾತ್ರೆ ನುಂಗುತ್ತಾಳೆ. ಮಿಸ್ ಒಬ್ಬರನ್ನು ಬಿಟ್ಟರೆ ಕ್ಲಾಸಿನಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಅವಳ ನಂಬಿಕೆ. ಯೋಸ್ಟನಿಗಂತೂ ಗೊತ್ತಾಗಲೇ ಕೂಡದು. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರೆಲ್ಲ ಸುತ್ತಿ ಬರುತ್ತದೆ.

ಮನೆಯಲ್ಲಿ ಅಜ್ಜ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ದೋಣಿಗಳ ಮೇಲೆ ಹೆಸರು ಬರೆಯುವುದು ಅವನ ಕೆಲಸ. ಬಂದರಿನ ಅರ್ಧ ದೋಣಿಗಳ ಮೇಲೆ ಅವನದೇ ಅಕ್ಷರ.

"ಎಲ್ಲರ ದೋಣಿಗೂ ಹೆಸರು ಬರೀತೀಯ. ಲೀನಾ ಹೆಸರು ಮಾತ್ರ ಬೇಡ್ವಾ?"

"ಬೇಡ ಅಂದ್ರೆ ಬೇಡ."

"ಯಾಕಜ್ಜ?"

ಅಜ್ಜ ಚಾಕು ಕೆಳಗಿಟ್ಟ. "ಅವರ ಮನೆತನಕ್ಕೇ ಆ ಕಾಯಿಲೆ ಅಂತ ಜನ ಆಡ್ಕೋತಾರೆ ಪುಟ್ಟಿ. ನನಗೆ ಬಿಡು, ವಯಸ್ಸಾಯ್ತು. ದಿನಾ ಸ್ಕೂಲಿಗೆ ಹೋಗೋಳು ನೀನು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು."

ವೀಬ್ಕೆ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟಳು. ಲೀನಾಳ ಹೆಸರನ್ನು ಅರ್ಧಕ್ಕೆ ನಿಲ್ಲಿಸಿದ್ದು ತನಗಾಗಿಯೇ ಎಂದು ತಿಳಿದು ಅವಳಿಗೆ ಅಳು ಬಂತು. ಅಜ್ಜನ ಮೇಲೆ ಸಿಟ್ಟೂ ಬಂತು, ಪಾಪ ಎಂದೂ ಅನ್ನಿಸಿತು.

ಮರುದಿನ ಮಕ್ಕಳೆಲ್ಲ ಪಾತಿಯ ಸುತ್ತ ಸಾಲಾಗಿ ನಿಂತಿದ್ದರು. ಹಿಂದೆ ಊರಿನವರು, ಡಾಕ್ಟರು, ಕೆಲವು ರೋಗಿಗಳು. ಅಜ್ಜ ಬರುತ್ತಾನೋ ಇಲ್ಲವೋ ಎಂದು ವೀಬ್ಕೆ ತಿರುಗಿಯೂ ನೋಡಲಿಲ್ಲ.

ಪಕ್ಕದಲ್ಲಿದ್ದ ಯೋಸ್ಟನಿಗೆ ಹೇಳಿದಳು, "ಲೀನಾ ನಮ್ಮನೆಯವಳು ಕಣೋ. ಅವಳಿಗೆ ಮೂರ್ಛೆ ಬರ್ತಿತ್ತು. ನನಗೂ ಬರುತ್ತೆ."

ಹೇಳಿದ ಮೇಲೆ ಕಲ್ಲನ್ನು ಎದೆಗೆ ಅವಚಿಕೊಂಡಳು. ಇನ್ನು ಊರಿಗೆಲ್ಲ ಡಂಗುರ.

"ನಿನಗೆ ಬರೋದು ಗೊತ್ತು," ಎಂದ ಯೋಸ್ಟ್. "ಸ್ಕೂಲ್ ಕ್ಯಾಂಪಲ್ಲಿ ಮಿಸ್ ನಿನಗೆ ಮಾತ್ರೆ ಕೊಡೋವಾಗ ನೋಡಿದ್ದೆ. ಅದೇನು ಮಾತ್ರೆ ಅಂತ ಅಮ್ಮನ್ನ ಕೇಳ್ದೆ, ಹೇಳಿದ್ಲು."

"ಯಾರಿಗೂ ಹೇಳ್ಲಿಲ್ವಾ?"

"ನೀನೇ ಹೇಳಿರಲಿಲ್ವಲ್ಲ." ಅವನು ಮೂಗು ಒರೆಸಿಕೊಂಡ. "ನೀನು ಬಿದ್ರೆ ನಾನೇನು ಮಾಡ್ಬೇಕು?"

"ಪಕ್ಕಕ್ಕೆ ಹೊರಳಿಸು. ಬಾಯಿಗೆ ಏನೂ ಹಾಕ್ಬೇಡ. ಮಿಸ್‌ನ ಕರಿ."

"ಅಷ್ಟೇನಾ? ಸರಿ."

ಹಿಂದಿನಿಂದ ಯಾರೋ ಕೆಮ್ಮಿದರು. ಅಜ್ಜ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಕಣ್ಣು ಕೆಂಪಾಗಿತ್ತು.

"ಕೊಡಿಲ್ಲಿ," ಎಂದು ಕಲ್ಲಿಗೆ ಕೈ ಚಾಚಿದ. ಹಾಗೇ ದೂರ ಹಿಡಿದು ನೋಡಿದ. "ಅಕ್ಷರ ಸೊಟ್ಟ. ಜಾಗವೂ ಸಾಲದು. ಹಿನ್ರಿಕ್ಸನ್ ಅಂದ್ರೆ ಉದ್ದದ ಹೆಸರು ಕಣೇ."

"ಸಣ್ಣಗೆ ಬರಿ ಅಜ್ಜ."

"ಸಣ್ಣಗೆ ಯಾಕೆ ಬರೀಲಿ? ಕೆಳಗೆ ಇದೆಯಲ್ಲ ಜಾಗ."

ಅಜ್ಜ ಪಾತಿಯ ಅಂಚಿನಲ್ಲಿ ಮಂಡಿಯೂರಿದ. ಕೋಟಿನ ಜೇಬಿನಿಂದ ಕುಂಚ ತೆಗೆದ. ಇನ್ನೊಂದು ಜೇಬಿನಿಂದ ದೋಣಿಗೆ ಹಚ್ಚುವ ನೀಲಿ ಬಣ್ಣದ ಸಣ್ಣ ಡಬ್ಬಿ ತೆಗೆದ.

ಎರಡನ್ನೂ ಅವನು ಮನೆಯಿಂದಲೇ ತಂದಿದ್ದ. ವೀಬ್ಕೆ ಅದನ್ನು ಆಡಿ ತೋರಿಸಲಿಲ್ಲ. ಪಕ್ಕದಲ್ಲಿ ಕೂತು, ಅಲುಗದ ಹಾಗೆ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.